ರಂಜನಿಗೆ ಏಕಾದಶಿ ಇಲ್ಲ

ಅಲ್ಲ ಅತ್ತೆ, ಬಿದ್ದೆ ಅಂದರೆ ಅಂಥಾದ್ದೇನೂ ಇಲ್ಲ. ಪ್ಯಾರೀಸ್ ಕಾರ್ನರಿನ ಬಸ್ಸು, ಮೇ ತಿಂಗಳ ಕತ್ತರಿ ಬಿಸಿಲು, ನಿಂತವರ ಬೆವರೆಲ್ಲ ಕೂತವರ ಮೇಲೆ... ಯಾರಾದರೂ ಬೀಳ್ತಾರೆ. ‘ಉಕ್ಕಾರುಂಗಮ್ಮಾ’ ಅಂತ ಕಂಡಕ್ಟರೇ ಸೀಟು ಕೊಡಿಸಿದ. ನಾಗಮಣಿಗೆ ಆಫೀಸಿನಲ್ಲೂ ಇದೇ ಕೆಲಸ, ಸಣ್ಣದನ್ನ ದೊಡ್ಡದು ಮಾಡೋದು. ಆಟೋದಲ್ಲಿ ತಂದು ಇಳಿಸಿದಳು, ಸರಿ. ಹೋಗುವಾಗ ನಿಮ್ಮ ಕಿವಿಯಲ್ಲಿ ಏನು ಊದಿದಳು?

ನೀವೂ ಹೇಳಲ್ವಾ? ಬೇಡ ಬಿಡಿ.

ಮಾತ್ರೆನಾ? ತಗೊಂಡೆ. ಬೆಳಿಗ್ಗೆಯದು ಬೆಳಿಗ್ಗೆ, ಮಧ್ಯಾಹ್ನದ್ದು ಮಧ್ಯಾಹ್ನ. ಊಟ ಕ್ಯಾಂಟೀನಿನಲ್ಲೇ ಆಯ್ತು. ಆ ತಟ್ಟೆ ಅಲ್ಲೇ ಇಡಿ, ಹೊಟ್ಟೆ ತುಂಬಿದೆ. ಯಾಕೆ ಹಾಗೆ ನೋಡ್ತೀರಿ? ಗೋಡೆಗೆ ಒರಗಿರೋದು ಸೆಖೆಗೆ.

ಏಕಾದಶಿ ದಿನ ಉಪ್ಪಿಟ್ಟು. ಅದೂ ನೀವು ಮಡಿಯುಟ್ಟು ಮಾಡಿದ್ದು. ತೀರ್ಥ ಬಿಟ್ಟರೆ ಹನಿ ನೀರೂ ಮುಟ್ಟದ ಭೀಮಾಬಾಯಿಯವರು ಸೊಸೆಗೋಸ್ಕರ ಒಗ್ಗರಣೆ ಹಾಕ್ತಾರೆ. ಈರುಳ್ಳಿಯೊಂದು ಬಾಕಿ. ನಗ್ತಿದೀರಾ? ಇಲ್ಲ. ಮೊದಲೆಲ್ಲ ಈ ಮಾತಿಗೆ ರೇಗ್ತಿದ್ದಿರಿ.

ನಾನು ಬಂದ ಹೊಸದರಲ್ಲಿ, ನೆನಪಿದೆಯಾ? ಏಕಾದಶಿ ದಿನ ವಡೆ ತಿಂದು ಬಂದು ನಿಮ್ಮೆದುರೇ ಹೇಳಿದೆ. ಎಂ.ಎಸ್ಸಿ. ಓದಿದವಳು ನಾನು, ಚಂದ್ರನ ಲೆಕ್ಕಕ್ಕೂ ನನ್ನ ಹೊಟ್ಟೆಗೂ ಏನು ಸಂಬಂಧ ಅಂದೆ. ಸಂಬಂಧ ಇದೆ, ನಿನಗೆ ಕಾಣಲ್ಲ ಅಂದಿರಿ. ದ್ವಾದಶಿ ಪಾರಣೆ ಮುಗಿಯೋವರೆಗೆ ಮಾತು ಬಂದ್. ಚೆನ್ನಾಗಿತ್ತು ಆ ಜಗಳ. ಪ್ರತಿ ಪಕ್ಷವೂ ತಪ್ಪದೆ ನಡೀತಿತ್ತು.

ಮದ್ರಾಸು ಚೆನ್ನೈ ಆದ ವರ್ಷ ನಾನೂ ಬದಲಾದೆ. ಮುಖ ಕಪ್ಪಾಯ್ತು, ಒಸಡು ಕಪ್ಪಾಯ್ತು, ಅಂಗೈ ಗೆರೆ ಮಸಿಯಲ್ಲಿ ತೀಡಿದ ಹಾಗಾಯ್ತು. ಊರಿನ ಬಿಸಿಲು ಅಂದರು ಎಲ್ಲ. ನಾನು ಜಾಡಿ ತಳದ ಉಪ್ಪು ನೆಕ್ಕುತ್ತಿದ್ದೆ. ಕೊನೆಗೆ ಡಾಕ್ಟರು ಒಂದು ಕಿಡ್ನಿ ಚಿತ್ರ ಬರೆದು, ಅದರ ತಲೆಗೆ ಟೋಪಿ ಇಟ್ಟು, ‘ಟೋಪಿ ಥರ ಇರೋ ಈ ಗ್ರಂಥಿಯನ್ನ ನಿಮ್ಮ ದೇಹವೇ ಶತ್ರು ಅಂದುಕೊಂಡು ಹಾಳುಮಾಡಿದೆ’ ಅಂದರು. ಜೀವನಪೂರ್ತಿ ಮಾತ್ರೆ. ಉಪವಾಸ ಕೂಡದು. ಮಾತ್ರೆ ತಪ್ಪಿಸಿದರೆ ಜೀವಕ್ಕೇ ಅಪಾಯ.

ಅವತ್ತೇ ನೀವು ಮಠಕ್ಕೆ ಹೋಗಿ ಆಚಾರ್ಯರನ್ನ ಕೇಳಿಕೊಂಡು ಬಂದಿರಿ. ಮನೆಗೆ ಬಂದವರಿಗೆಲ್ಲ ಒಂದೇ ಮಾತು: ನಮ್ಮ ರಂಜನಿಗೆ ಏಕಾದಶಿ ಇಲ್ಲ, ಪಾಪ. ಆ ಪಾಪ ಇದೆಯಲ್ಲ ಅತ್ತೆ... ನಾನು ತಿಂತಿದ್ದದ್ದು ನನ್ನಿಷ್ಟಕ್ಕೆ. ಈಗ ತಿನ್ನೋದು ಅಪ್ಪಣೆ ಮೇಲೆ. ವಡೆ ತಿಂದೆ ಅಂದರೆ, ಇನ್ನೊಂದು ತಿನ್ನಬೇಕಿತ್ತು ಅಂತೀರಿ. ಜಗಳಕ್ಕೂ ಲಾಯಕ್ಕಿಲ್ಲದವಳಾದೆನಾ ನಾನು?

ದೇವರಿಗೆ ಹೆದರಿ ಊಟ ಬಿಟ್ಟೆ ಅಂತ ಮಾತ್ರ ಅಂದ್ಕೋಬೇಡಿ... ಏನಿಲ್ಲ. ಮಾತಿಗೆ ಹೇಳಿದೆ. ಬಿಟ್ಟಿಲ್ಲ.

ಮೊದಲಿನ ಹಾಗೆ ರೇಗಿ. ಬೈಯಿರಿ.

ತಟ್ಟೆ ಯಾಕೆ ಎಳಕೊಂಡಿರಿ? ತುತ್ತು ಮಾಡಬೇಡಿ, ನನಗೆ ಬೇಡ ಅಂದೆನಲ್ಲ.

ನನಗಲ್ವಾ? ನೀವೇ ತಿನ್ನೋಕಾ?

ಅತ್ತೆ. ಇವತ್ತು ಏಕಾದಶಿ. ವಿಷಮಶೀತ ಜ್ವರ ಬಂದಾಗಲೂ ತೀರ್ಥ ಬಿಟ್ಟು ಏನೂ ಮುಟ್ಟದವರು ನೀವು. ಕೈ ಇಳಿಸಿ. ಹೀಗೆ ಹೆದರಿಸಿದರೆ ನಾನು ಬಗ್ಗೋವಳಲ್ಲ. ನಿಮ್ಮ ಮಗನಿಗೆ ನಾನೇನು ಹೇಳಲಿ... ಅತ್ತೆ, ಬಾಯಿಗೆ ಹಾಕಬೇಡಿ.

ತಗೊಂಡಿಲ್ಲ. ಸಾಕಾ? ನಿನ್ನೆ ದಶಮಿಯಿಂದಲೇ ಮಾತ್ರೆ ಇಲ್ಲ. ಇವತ್ತು ಅನ್ನವೂ ಇಲ್ಲ, ನೀರೂ ಇಲ್ಲ. ನಿಮ್ಮ ಹಾಗೇ, ನಿಮಗಿಂತ ಕಟ್ಟಾಗಿ.

ಮಾತ್ರೆ ಬ್ಯಾಗಿನಲ್ಲಿದೆ. ಆಸ್ಪತ್ರೆಗೂ ಬರ್ತೀನಿ. ಮೊದಲು ಆ ತುತ್ತು ಇತ್ತ ಕೊಡಿ.