ಒಂದೇ ಮನೆಯ ಎರಡು ಹೆಸರು

ತಿರುವನಂತಪುರದ ಬಸ್ ಟಿಕೆಟಿನ ಕ್ಯೂನಲ್ಲಿ ಕನ್ನಡ ಕೇಳಿದ್ದೇ ತಡ, ಊರಿನಿಂದ ಅಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ದಿನಕರನ ಕಿವಿ ನೆಟ್ಟಗಾಯಿತು. ಮುಂದಿದ್ದ ಗಂಡಹೆಂಡಿರು ಗೇಣಿ ಕಾಯ್ದೆಯ ಮೇಲಿನ ಲೇಖನವನ್ನು ಕಾನೂನು ಪತ್ರಿಕೆಗೆ ಕೊಟ್ಟು ಬಂದಿದ್ದರು.

“ತೀರ್ಪು ಹುಡುಕಿ ಬರೆದದ್ದು ಯಾರು?”

“ನೀನೇ ಮಾರಾಯ್ತಿ.”

“ಮತ್ತೆ ನನ್ನ ಹೆಸರು ತೆಗೆದದ್ದು ಎಂತಕ್ಕೆ?”

“ಒಂದೇ ಮನೆಯ ಎರಡು ಹೆಸರು ಚಂದ ಅಲ್ಲಾಂತ ನಮ್ಮ ಕಾಲೇಜಿನ ಪ್ರೊಫೆಸರರು ಹೇಳಿದ್ರು.”

“ನಿಮ್ಮ ಹೆಸರಿನ ಮೇಲೆ ಇನ್ನೊಂದು ಇತ್ತಲ್ಲ, ಅದು ಯಾರದ್ದು?”

“ಅವರದ್ದೇ. ಕಾಲೇಜಲ್ಲಿ ನನ್ನ ಕೆಲಸ ಖಾಯಂ ಆಗ್ಬೇಡ್ವಾ, ಕುಸುಮಾ?”

ಅಷ್ಟರಲ್ಲಿ ಅವರ ಸರದಿ ಬಂತು. ಗಂಡ ಎರ್ನಾಕುಳಕ್ಕೆ ಎರಡು ಟಿಕೆಟ್ ಕೇಳಿದ.

“ಒಂದು ಸಾಕು,” ಎಂದಳು ಕುಸುಮಾ, ಪ್ರೊಫೆಸರರದ್ದೇ ಇರಬೇಕು ಎನ್ನಿಸುವ ಮೂಗುದನಿಯಲ್ಲಿ. “ಒಂದೇ ಮನೆಯ ಎರಡು ಟಿಕೆಟ್ ಚಂದ ಅಲ್ಲ.”

ಕೊಡೆ ಬಿಚ್ಚಿಕೊಂಡು ಪತ್ರಿಕೆಯ ಕಚೇರಿಯ ಕಡೆಗೇ ವಾಪಸು ನಡೆದಳು.