ತಿರುಗುಮುರುಗು ಹಲ್ಲುಚಕ್ರ

“ಸರಿಯಾದ ನಕ್ಷೆ ಡ್ರಾಯರಲ್ಲಿ ಬಚ್ಚಿಟ್ಟು ತಪ್ಪಿದ್ದನ್ನ ನಂಗೆ ಕೊಡ್ತೀಯಲ್ಲ ಅಣ್ಣ, ನಾಚಿಕೆ ಆಗಲ್ವಾ?”

ನಕ್ಷೆ ಒಯ್ಯಲು ಬಂದ ಫಿಟ್ಟರ್ ಬಾಗಿಲಲ್ಲೇ ನಿಂತುಬಿಟ್ಟ. ಕೂಗಿದವನು ಕಾರ್ಖಾನೆಯ ಇಂಜಿನಿಯರ್. ಬೈಸಿಕೊಂಡವನು ಅವನ ಒಡಹುಟ್ಟಿದ ಅಣ್ಣ, ಮೂವತ್ತು ವರ್ಷದಿಂದ ಅದೇ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದವನು.

“ಐನೂರು ವರ್ಷದ ಹಿಂದೆ ಆ ದೊಡ್ಡ ಚಿತ್ರಗಾರ ಲಿಯೊನಾರ್ಡೊನೂ ಯುದ್ಧದ ಗಾಡಿಗೆ ಹಲ್ಲುಚಕ್ರ ತಿರುಗುಮುರುಗಾಗೇ ಬರೆದಿದ್ದ,” ಎಂದ ಅಣ್ಣ.

“ಕಳ್ಳರು ಕದಿಬಾರದು ಅಂತ ಇರಬೇಕು ಅಂತಾರೆ. ನಿನ್ನ ನೀರೆತ್ತೋ ಯಂತ್ರ ಯಾವ ಕಳ್ಳನಿಗೆ ಬೇಕು?”

“ಬಿಡಿಭಾಗ ಬಿಚ್ಚಿ ಗಾಳೀಲಿ ತೇಲಿಸಿದ ಹಾಗೆ ಕಂಪ್ಯೂಟರಲ್ಲಿ ತೋರಿಸ್ತೀಯಲ್ಲ, ಅದೇನು ನಿಮ್ಮಪ್ಪನ ಮನೆ ವಿದ್ಯೆನಾ? ಲಿಯೊನಾರ್ಡೊ ಅದನ್ನ ಕೈಯಲ್ಲೇ ಬರೆದಿದ್ದ.”

“ನಮ್ಮಪ್ಪ ನಿಂಗೂ ಅಪ್ಪನೇ. ಮಾತು ತಪ್ಪಿಸ್ಬೇಡ. ಯಾಕೆ ತಪ್ಪು ಬರೀತೀಯ?”

ಅಣ್ಣ ಪೆನ್ಸಿಲ್ ಕೆಳಗಿಟ್ಟ.

“ಮೊದಲೆಲ್ಲ ಚಕ್ರ ತಿರುಗದೆ ಸಿಕ್ಕಿಕೊಂಡ್ರೆ ಯಾರಾದ್ರೂ ಮೆಟ್ಟಿಲು ಹತ್ತಿ ಬರೋರು. ಇದೇನಣ್ಣ ಹೀಗೆ ಅಂತ ಕೇಳೋರು. ಕೂತು ನಾಲ್ಕು ಮಾತಾಡಿ ಹೋಗೋರು.”

“ಈಗ ಯಾಕೆ ಬರ್ತಾರೆ? ನಿನ್ನ ಕಣ್ಣು ಮಂಜಾಗಿದೆ ಅಂದ್ಕೊಂಡು ನಾನೇ ತಿದ್ದಿ ಕಳಿಸ್ತಿದ್ದೆ.”

“ಯಾವಾಗಿಂದ?”

“ಮೂರು ವರ್ಷ ಆಯ್ತು.”

“ಅದಕ್ಕೇ ಮೂರು ವರ್ಷದಿಂದ ಒಂದು ನರಪಿಳ್ಳೆಯೂ ಕೇಳೋಕಂತ ಈ ಕಡೆ ಸುಳಿದಿಲ್ಲ.”

ಅಣ್ಣ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಹೊರಟ. ಫಿಟ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ಸಿಟ್ಟಿಳಿದ ಮೇಲೆ ಬರ್ತಾನೆ ಬಿಡು,” ಎಂದ ತಮ್ಮ.

ಹಲಗೆಯ ಪಕ್ಕದಲ್ಲಿ, ಕೇಳಲು ಬರುವವರಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿತ್ತು. ಅಣ್ಣ ಸಂಜೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ.