ಮಗಳ ಪಂಕ್ ಬ್ಯಾಂಡಿಗೆ ಮುಂಚೆ ಎರಡು ಮಾತು

ಸನ್ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಎದುರು ಸಾಲಿನಲ್ಲಿ ಕುಳಿತಿರುವ ಮಹಾಬಲಣ್ಣ ಮತ್ತು ಮನೆಯವರೇ, ಹಿಂದಿನಿಂದ ಆಗಲೇ ಚಪ್ಪಾಳೆ ಹೊಡೆದು ನನ್ನನ್ನು ಕೂರಿಸಲು ನೋಡುತ್ತಿರುವ ವಿದ್ಯಾರ್ಥಿಗಳೇ, ಸಭಿಕರೇ,

ಹೊಡೀರಿ, ಹೊಡೀರಿ! ಮುಖ್ಯ ಅತಿಥಿಯ ಮಾತು ಮುಗಿಯದೆ ಪರದೆ ಏಳುವುದಿಲ್ಲ, ಅದು ನಮ್ಮ ಮಂಗಳೂರಿನ ವಾರ್ಷಿಕೋತ್ಸವಗಳ ಕ್ರಮ. ಆ ಪರದೆಯ ಹಿಂದೆ ನನ್ನ ಮಗಳು ಸ್ನೇಹಲತಾ ಗಿಟಾರ್ ಹಿಡಿದು ನಿಂತಿದ್ದಾಳೆ. ಇಲ್ಲಿ ಎದುರಿಗೆ, ಅವಳನ್ನು ಸೊಸೆ ಮಾಡಿಕೊಳ್ಳಲು ಯೋಚಿಸುತ್ತಿರುವ ಮಹಾಬಲಣ್ಣ. ನಡುವೆ ನಾನು ಮತ್ತು ಈ ಮೈಕು. ಎಷ್ಟು ಹೊತ್ತು ಮಾತಾಡಲಿ, ಹೇಳಿ?

ಅವಳದ್ದು ಪಂಕ್ ಬ್ಯಾಂಡಂತೆ. ಎಂತ ಅದು ಎಂದು ನಾನೂ ಕೇಳಿದೆ. "ರಷ್ಯಾದ ಹಳ್ಳಿ ಹಾಡು, ಯಹೂದಿಗಳ ಮದುವೆ ಹಾಡು, ಅದನ್ನೇ ಕಿರುಚಿ ಬಾರಿಸುವುದು ಪಪ್ಪ" ಎಂದಳು. ಅವಳ ಜೊತೆ ಡ್ರಮ್ ಬಾರಿಸುವ ಸಮದ್‌ನ ಮಾವ ಹಡಗಿನಲ್ಲಿ ದುಡಿಯುವವರು, ಹ್ಯಾಂಬರ್ಗಿನಿಂದ ಕ್ಯಾಸೆಟ್ ತಂದಿದ್ದರು. ಅದನ್ನು ನನ್ನ ಹೋಟೆಲಿನಲ್ಲಿ ಹಾಕಿದ ದಿನ ಗಿರಾಕಿಯೊಬ್ಬರು ನೀರುದೋಸೆ ಅರ್ಧಕ್ಕೇ ಬಿಟ್ಟು ಎದ್ದರು! ನಿಲ್ಲಿಸಲು ಹೋದೆ. ಹೋದವನು ಅಲ್ಲೇ ನಿಂತೆ. ಆ ಗಲಾಟೆಯ ಒಳಗೆ ಒಂದು ಕ್ಲಾರಿನೆಟ್ ಉಂಟು ಸ್ವಾಮಿ. ನಗುತ್ತದೋ ಅಳುತ್ತದೋ ತಿಳಿಯದು, ಹೆಣ್ಣು ಒಪ್ಪಿಸಿಕೊಡುವ ಹೊತ್ತಿನ ಹಾಗೆ.

ಕ್ಲಾರಿನೆಟ್ಟಿನ ವಿಷಯ ನನಗೆ ಹೇಗೆ ಗೊತ್ತು? ಇದನ್ನು ಹೇಳಬೇಕೆಂದು ಬಂದದ್ದಲ್ಲ, ಬಾಯಿಗೆ ಬಂತು. ಮದುವೆಗೆ ಮೊದಲು ನಾನು ಅತ್ತಾವರದ ಲೋಕಯ್ಯನ ಬ್ಯಾಂಡ್‌ಸೆಟ್ಟಿನಲ್ಲಿ ಊದುತ್ತಿದ್ದೆ. ಗುತ್ತಿನ ಮನೆಯ, ಊರಿನ ದೊಡ್ಡ ಜಮೀನ್ದಾರರ ಮನೆಯ ಹುಡುಗ, ಕೆಂಪು ಕೋಟು ಹಾಕಿಕೊಂಡು! "ಊದುವವನಿಗೆ ಮಗಳನ್ನು ಕೊಡುವುದಿಲ್ಲ" ಎಂದರು ನನ್ನ ಮಾವ. ಬಿಟ್ಟೆ. ಹೋಟೆಲು ಚೆನ್ನಾಗಿ ನಡೆಯಿತು. ಕುಶಲಾ ಒಳ್ಳೆಯ ಹೆಂಡತಿ, ದೇವರಾಣೆಗೂ ಒಳ್ಳೆಯವಳು. ಆದರೆ ಈ ಎಂಬತ್ತೇಳನೇ ಇಸವಿಯಲ್ಲೂ ಪಕ್ಕದ ಓಣಿಯಲ್ಲಿ ದಿಬ್ಬಣ ಹೋದರೆ ನನಗೆ ಅನ್ನ ಇಳಿಯುವುದಿಲ್ಲ.

ನಗಬೇಡಿ.

ಮಹಾಬಲಣ್ಣ, ನಿನ್ನೆ ನೀವು ಎಂತ ಹೇಳಿದಿರಿ? "ಹುಡುಗಿ ಚಿನ್ನ, ಈ ಬೊಬ್ಬೆ ಒಂದು ಬಿಟ್ಟರೆ ಸಾಕು ಮಾರಾಯ." ನಾನು ಹೂಂ ಎಂದೆ. ಎಂಟು ಗಂಟೆಗೆ ಹಾಲ್ ಖಾಲಿ ಮಾಡಬೇಕು, ಅಲ್ಲಿಯವರೆಗೆ ಮಾತು ಎಳೆದರೆ ಅವಳ ಬ್ಯಾಂಡೇ ಇಲ್ಲ ಎಂದು ಲೆಕ್ಕ ಹಾಕಿಯೇ ಮೈಕು ಹಿಡಿದೆ. ನನ್ನ ಮಾವ ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡುವುದೇ? ಆ ಹೂಂ ವಾಪಸ್. ಸಂಬಂಧ ಬೇಡವಾದರೆ ಬೇಡ, ಬೇಸರವಿಲ್ಲ. ಆದರೆ ಕೇಳಿ ಹೋಗಿ.

ಕರೆದ ಪ್ರಾಂಶುಪಾಲರಿಗೆ, ತಾಳಿಕೊಂಡ ನಿಮಗೆಲ್ಲ ಧನ್ಯವಾದ. ಸಮದ್, ಕ್ಲಾರಿನೆಟ್ಟಿಗೆ ಜನ ಸಿಗಲಿಲ್ಲ ಎಂದಿದ್ದೆಯಲ್ಲ? ನನ್ನದು ಕಾರಿನ ಡಿಕ್ಕಿಯಲ್ಲಿ ಉಂಟು. ಯಾಕೆ ತಂದಿದ್ದೇನೆ ಎಂದು ನನ್ನನ್ನು ಕೇಳಬೇಡ, ಓಡಿ ತಾ.

ಪರದೆ ಎಳೀರಿ. ನಮಸ್ಕಾರ.